ಇಪ್ಪತ್ತಾರು ಸೋಲುಗಳ ಕಿರ್ದಿ

ಗೆದ್ದೆತ್ತಿನ ಬಾಲ ಹಿಡಿಯಲು ಊರೆಲ್ಲ ಬರುತ್ತದೆ. ಸೋತವನ ಅಂಗಡಿಯ ಕಟ್ಟೆಯ ಮೇಲೆ ಒಂದು ಗಳಿಗೆ ಕೂಡ್ರಲು ಯಾರಿಗೂ ಪುರುಸೊತ್ತಿರುವುದಿಲ್ಲ. ಆದ್ದರಿಂದ ಈ ತಿಂಗಳು ಸೋತವರ ಕಥೆಯನ್ನೇ ಹೇಳೋಣವೆಂದು ನಾವು ನಿಶ್ಚಯಿಸಿದ್ದೇವೆ. ಕಥೆ ನಮ್ಮ ಪೇಟೆಯದಲ್ಲ, ದೂರದ ಅಮೆರಿಕದ್ದು. ವ್ಯಾಪಾರದ್ದೂ ಅಲ್ಲ, ಆಟದ್ದು. ಓದುತ್ತ ಹೋದಂತೆ ವಾಚಕರಿಗೆ ತಮ್ಮ ತಮ್ಮ ಕಿರ್ದಿ ಖಾತೆಗಳ ನೆನಪಾದರೆ ಅದಕ್ಕೆ ನಾವು ಹೊಣೆಯಲ್ಲ!

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿ ಬಂದ ಹಿರಿಯರು ಈ ಆಟವನ್ನು ಟಿ.ವಿ.ಯಲ್ಲಿ ನೋಡಿರುತ್ತಾರೆ. ಸೆಪ್ಟೆಂಬರಿನಿಂದ ಮುಂದೆ ರವಿವಾರ ಬಂತೆಂದರೆ ಅಲ್ಲಿ ಮನೆಮನೆಯಲ್ಲೂ ಇದೇ. ಅದಕ್ಕೆ ಫುಟ್‌ಬಾಲ್ ಎಂದು ಹೆಸರಿದ್ದರೂ ನಮ್ಮ ಹುಡುಗರು ಒದ್ದು ಆಡುವ ಫುಟ್‌ಬಾಲ್ ಅದಲ್ಲ. ಚೆಂಡು ಗುಂಡಗಿರುವುದಿಲ್ಲ, ಎರಡು ತುದಿ ಚೂಪಾಗಿರುತ್ತವೆ. ಅದನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೆ ಎಸೆಯುತ್ತಾರೆ. ಒಂದೊಂದು ಕಡೆಗೆ 11 ಜನ. ಚೆಂಡು ಯಾರ ಕೈಯಲ್ಲಿದೆಯೋ ಅವರಿಗೆ ನಾಲ್ಕು ಸರದಿ. ಅಷ್ಟರೊಳಗೆ 10 ಗಜ ಮುಂದೆ ಸರಿಯಬೇಕು. ಸರಿದರೆ ಮತ್ತೆ ನಾಲ್ಕು ಸರದಿ, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಹೀಗೆ 10 ಗಜ, 10 ಗಜವಾಗಿ ಮುಂದೆ ಹೋಗಿ ಎದುರಾಳಿಯ ಕೊನೆಯ ಗೆರೆ ದಾಟಿದರೆ 6 ಅಂಕ. ಚೆಂಡನ್ನು ಯಾರಿಗೆ ಕೊಡಬೇಕು, ಎತ್ತ ಎಸೆಯಬೇಕು ಎಂದು ಕ್ಷಣದಲ್ಲಿ ತೀರ್ಮಾನಿಸುವ ಆಟಗಾರನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಗಲ್ಲಾದ ಮೇಲೆ ಕುಳಿತವನೆಂದು ತಿಳಿದರೆ ಸಾಕು.

ಈ ಆಟದ ದೊಡ್ಡ ಸಂಸ್ಥೆ ನ್ಯಾಷನಲ್ ಫುಟ್‌ಬಾಲ್ ಲೀಗ್. 1975ರವರೆಗೆ ಅದರಲ್ಲಿ 26 ತಂಡಗಳಿದ್ದವು. 1976ರಲ್ಲಿ ಎರಡು ಹೊಸ ತಂಡಗಳು ಸೇರಿದವು. ಒಂದು ವಾಯವ್ಯ ಮೂಲೆಯ ಸಿಯಾಟಲ್ ನಗರದ್ದು, ಇನ್ನೊಂದು ಫ್ಲೋರಿಡಾದ ಟ್ಯಾಂಪಾ ನಗರದ್ದು. ಟ್ಯಾಂಪಾ ತಂಡಕ್ಕೆ ಬಕನಿಯರ್ಸ್, ಅಂದರೆ ಕಡಲುಗಳ್ಳರು, ಎಂದು ಹೆಸರಿಟ್ಟರು. ಯಜಮಾನರು ಹ್ಯೂ ಕಲ್ವರ್‌ಹೌಸ್ ಎಂಬ ತೆರಿಗೆ ವಕೀಲರು. ಲೀಗಿಗೆ ಸೇರುವುದಕ್ಕೆ ಕಟ್ಟಬೇಕಾಗಿದ್ದ ಹಣ 1 ಕೋಟಿ 60 ಲಕ್ಷ ಡಾಲರು. ಬಣ್ಣ ಕಿತ್ತಳೆ, ಕ್ರೀಡಾಂಗಣ ದೊಡ್ಡದು, ಊರಿನ ಉತ್ಸಾಹ ಅದಕ್ಕಿಂತ ದೊಡ್ಡದು. ಹೊಸ ಅಂಗಡಿಯ ಪೂಜೆಯ ದಿನ ಇರುವ ಸಡಗರವೆಲ್ಲ ಅಲ್ಲಿತ್ತು.

ಉಳಿಕೆ ಸರಕಿನ ಹೊಸ ಅಂಗಡಿ

ಅಂಗಡಿಯೇನೋ ಆಯಿತು, ಆಟಗಾರರು ಎಲ್ಲಿಂದ ಬರಬೇಕು? ಲೀಗು ಒಂದು ವ್ಯವಸ್ಥೆ ಮಾಡಿತು. ಹಳೆಯ 26 ತಂಡಗಳು ತಮಗೆ ಬೇಕಾದ ಆಟಗಾರರನ್ನು ಮೊದಲು ತೆಗೆದಿಟ್ಟುಕೊಳ್ಳಬೇಕು. ಉಳಿದವರಲ್ಲಿ ಹೊಸ ತಂಡಗಳು ತಲಾ 39 ಜನರನ್ನು ಆರಿಸಿಕೊಳ್ಳಬೇಕು. ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೇಟೆಯ ಹಳೆಯ ಅಂಗಡಿಗಳವರು ಮಾರಾಟವಾಗದೆ ಮೂಲೆಗೆ ಹಾಕಿದ ಥಾನುಗಳನ್ನು ತಂದು ಹೊಸ ಅಂಗಡಿಯ ಕಪಾಟು ತುಂಬಿಸಿದ ಹಾಗೆ. ಬಂದವರಲ್ಲಿ ಕೆಲವರಿಗೆ ವಯಸ್ಸಾಗಿತ್ತು, ಕೆಲವರಿಗೆ ಹಳೆಯ ಗಾಯಗಳಿದ್ದವು, ಮತ್ತೆ ಕೆಲವರಿಗೆ ಅನುಭವವೇ ಇರಲಿಲ್ಲ.

ಆದರೂ ಎರಡು ಒಳ್ಳೆಯ ಕೆಲಸಗಳಾದವು. ಮೊದಲನೆಯದು, ತರಬೇತುದಾರರಾಗಿ ಜಾನ್ ಮೆಕ್‌ಕೇ ಬಂದದ್ದು. ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯದ ತಂಡವೊಂದನ್ನು ನಾಲ್ಕು ಸಲ ದೇಶದಲ್ಲೇ ಮೊದಲ ಸ್ಥಾನಕ್ಕೆ ಏರಿಸಿದವರು ಅವರು. ಎರಡನೆಯದು ಡ್ರಾಫ್ಟಿನಿಂದ ಆಯಿತು. ಇದು ಬ್ಯಾಂಕಿನ ಡ್ರಾಫ್ಟ್ ಅಲ್ಲ. ಪ್ರತಿ ವರ್ಷ ಕಾಲೇಜು ಮುಗಿಸಿ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವುದಕ್ಕೆ ಅಲ್ಲಿ ಆ ಹೆಸರು. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತವನಿಗೆ ಮೊದಲ ಸರದಿ, ಚಾಂಪಿಯನ್ನನಿಗೆ ಕೊನೆಯ ಸರದಿ. 1976ರಲ್ಲಿ ಮೊದಲ ಸರದಿ ಟ್ಯಾಂಪಾ ತಂಡಕ್ಕೆ ಸಿಕ್ಕಿತು. ಅವರು ಆರಿಸಿದ್ದು ಓಕ್ಲಹೋಮಾದ ರೈತ ಕುಟುಂಬದ ಹುಡುಗ ಲೀ ರಾಯ್ ಸೆಲ್ಮನ್‌ನನ್ನು. ಮುಂದಿನ ಸುತ್ತಿನಲ್ಲಿ ಅವನ ಅಣ್ಣ ಡೂಯಿಯನ್ನೂ ಆರಿಸಿದರು. ಅಣ್ಣ ತಮ್ಮ ಇಬ್ಬರೂ ಒಂದೇ ತಂಡಕ್ಕೆ ಬಂದರು. ಇಬ್ಬರದೂ ಎದುರಾಳಿಯನ್ನು ತಡೆಯುವ ಕೆಲಸ.

ಹದಿನಾಲ್ಕಕ್ಕೆ ಹದಿನಾಲ್ಕು

ಆಗ ಒಂದು ಹಂಗಾಮಿಗೆ 14 ಆಟಗಳು. ಮೊದಲ ಆಟ 1976ರ ಸೆಪ್ಟೆಂಬರ್ 12ರಂದು ಹ್ಯೂಸ್ಟನ್‌ನಲ್ಲಿ. ಬಕನಿಯರ್ಸ್ 0, ಎದುರಾಳಿ 20. ಎರಡನೆಯದು 0-23. ಮೂರನೆಯ ಆಟದಲ್ಲಿ ಅಂತೂ 9 ಅಂಕ ಬಂದವು, ಸೋಲು ಮಾತ್ರ ತಪ್ಪಲಿಲ್ಲ. ಅಕ್ಟೋಬರ್ 17ರಂದು ತಮ್ಮಂತೆಯೇ ಹೊಸಬರಾದ ಸಿಯಾಟಲ್ ತಂಡ ಟ್ಯಾಂಪಾಕ್ಕೆ ಬಂದಾಗ, ಇವರನ್ನಾದರೂ ಗೆಲ್ಲುತ್ತೇವೆಂದು ಊರೆಲ್ಲ ನಂಬಿತ್ತು. ಅದನ್ನೂ 10-13ರಿಂದ ಸೋತರು. ಡಿಸೆಂಬರಿನಲ್ಲಿ ಪಿಟ್ಸ್‌ಬರ್ಗ್ ತಂಡದ ಎದುರು 0-42.

ಹಂಗಾಮು ಮುಗಿದಾಗ ಲೆಕ್ಕ ಹೀಗಿತ್ತು: ಆಡಿದ್ದು 14, ಗೆದ್ದದ್ದು 0, ಸೋತದ್ದು 14. ಐದು ಆಟಗಳಲ್ಲಿ ಒಂದೇ ಒಂದು ಅಂಕವಿಲ್ಲ. ಗಳಿಸಿದ ಅಂಕ 125, ಬಿಟ್ಟುಕೊಟ್ಟದ್ದು 412. ಅದೇ ತರಹದ ಉಳಿಕೆ ಸರಕಿನಿಂದ ಅಂಗಡಿ ತೆರೆದ ಸಿಯಾಟಲ್ 2 ಆಟ ಗೆದ್ದಿತ್ತು. ನೆರೆಯವನಿಗೆ ಎರಡು ಕಾಸು ಲಾಭವಾದಾಗ ನಮ್ಮ ನಷ್ಟ ಇನ್ನೂ ದೊಡ್ಡದಾಗಿ ಕಾಣುತ್ತದೆ. ಇದು ಮನುಷ್ಯ ಸ್ವಭಾವ.

ಆ ವರ್ಷ ಕ್ವಾರ್ಟರ್‌ಬ್ಯಾಕ್ ಆಗಿದ್ದವರು ಸ್ಟೀವ್ ಸ್ಪರಿಯರ್. ಮರುವರ್ಷ ಅವರನ್ನು ತಂಡದಿಂದ ಕೈಬಿಟ್ಟರು. ಇದೇ ಸ್ಪರಿಯರ್ ಮುಂದೆ ತರಬೇತುದಾರರಾಗಿ ಫ್ಲೋರಿಡಾ ವಿಶ್ವವಿದ್ಯಾಲಯದ ತಂಡವನ್ನು 1996ರ ಹಂಗಾಮಿನಲ್ಲಿ ದೇಶದ ಚಾಂಪಿಯನ್ ಮಾಡಿದರು. 14 ಸೋಲಿನ ಪುಟದಲ್ಲಿ ಹೆಸರಿದ್ದ ಮಾತ್ರಕ್ಕೆ ಮನುಷ್ಯ ಕೆಲಸಕ್ಕೆ ಬಾರದವನೆಂದು ತಿಳಿಯಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಸೋತವನ ಬಗ್ಗೆ ನಗುವುದಕ್ಕೆ ಖರ್ಚಿಲ್ಲ. ಅಮೆರಿಕದ ಟಿ.ವಿ.ಯಲ್ಲಿ ಜಾನಿ ಕಾರ್ಸನ್ ಎಂಬ ಪ್ರಸಿದ್ಧ ಹಾಸ್ಯಗಾರರು ರಾತ್ರಿಯ ಕಾರ್ಯಕ್ರಮದಲ್ಲಿ ಬಕನಿಯರ್ಸ್ ಹೆಸರು ಎತ್ತಿ ದೇಶವನ್ನೆಲ್ಲ ನಗಿಸಿದರು. ಸ್ವಂತ ಊರಿನಲ್ಲೇ ‘ಮೆಕ್‌ಕೇಯನ್ನು ಕೊಲ್ಲಿಗೆ ಎಸೆಯಿರಿ’ ಎಂದು ಚೀಟಿ ಮುದ್ರಿಸಿ ಮೋಟಾರುಗಳಿಗೆ ಅಂಟಿಸಿಕೊಂಡರು. ಟ್ಯಾಂಪಾ ಸಮುದ್ರದ ಕೊಲ್ಲಿಯ ದಂಡೆಯ ಮೇಲಿರುವ ಊರು. ಮೆಕ್‌ಕೇಯವರ ಮಗ ಕೂಡ ಅದೇ ತಂಡದಲ್ಲಿ ಆಡುತ್ತಿದ್ದುದರಿಂದ ಆಡಿಕೊಳ್ಳುವವರಿಗೆ ಇನ್ನೊಂದು ವಿಷಯ ಸಿಕ್ಕಂತಾಯಿತು.

ಮೆಕ್‌ಕೇಯವರೂ ಮಾತಿನಲ್ಲಿ ಕಡಿಮೆಯವರಲ್ಲ. ಹಾಕಿದ ಯೋಜನೆಯನ್ನು ಮೈದಾನದಲ್ಲಿ ಜಾರಿಗೆ ತರುವುದಕ್ಕೂ, ಅಪರಾಧಿಯನ್ನು ಗಲ್ಲಿಗೇರಿಸುವುದಕ್ಕೂ ಇಂಗ್ಲಿಷಿನಲ್ಲಿ ಎಕ್ಸಿಕ್ಯೂಷನ್ ಎಂಬ ಒಂದೇ ಶಬ್ದ. ನಿಮ್ಮ ತಂಡದ ಎಕ್ಸಿಕ್ಯೂಷನ್ ಬಗ್ಗೆ ಏನೆನ್ನುತ್ತೀರಿ ಎಂದು ಪತ್ರಕರ್ತನೊಬ್ಬ ಕೇಳಿದಾಗ, ಅದಕ್ಕೆ ನನ್ನ ಸಂಪೂರ್ಣ ಒಪ್ಪಿಗೆಯಿದೆ ಎಂದರಂತೆ! ಈ ಮಾತು ಇಂದಿಗೂ ಅವರ ಹೆಸರಿನಲ್ಲೇ ನಡೆದು ಬಂದಿದೆ. ಸೋಲಿನ ನಡುವೆ ನಗುವುದು ಸಣ್ಣ ಶಕ್ತಿಯಲ್ಲ.

ಸೊನ್ನೆಯ ಕೆಳಗಿನ ಅಂಕಿ

ಎರಡನೆಯ ವರ್ಷ, 1977. ಒಂದು, ಎರಡು, ಮೂರು ಎನ್ನುತ್ತ ಮತ್ತೆ 12 ಸೋಲು. ಹಿಂದಿನ 14, ಈಗಿನ 12, ಒಟ್ಟು 26. ಒಂದರ ಹಿಂದೊಂದು ಇಷ್ಟು ಸೋಲುಗಳನ್ನು 1970ರಿಂದ ಈಚೆಗೆ ಈ ಲೀಗಿನಲ್ಲಿ ಬೇರೆ ಯಾವ ತಂಡವೂ ಕಂಡಿಲ್ಲ.

ಇಲ್ಲಿ ವಾಚಕರು ಸ್ವಲ್ಪ ನಿಂತು, ಮುನೀಮರು ಕಿರ್ದಿ ನೋಡುವ ಹಾಗೆ ನೋಡಬೇಕೆಂದು ನಮ್ಮ ವಿನಂತಿ. ಗೆಲುವಿನ ಕಲಂನಲ್ಲಿ ಸೊನ್ನೆಯೇ ಇತ್ತು, ನಿಜ. ಆದರೆ ಮೊದಲ ವರ್ಷ ಈ ತಂಡ ಒಂದು ಆಟಕ್ಕೆ ಸರಾಸರಿ 29 ಅಂಕ ಬಿಟ್ಟುಕೊಟ್ಟಿತ್ತು. ಎರಡನೆಯ ವರ್ಷ ಸೋತ ಆ 12 ಆಟಗಳಲ್ಲಿ ಬಿಟ್ಟುಕೊಟ್ಟದ್ದು ಒಟ್ಟು 202, ಅಂದರೆ ಆಟಕ್ಕೆ 17ರಷ್ಟು. ಸೋರಿಕೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಸೆಲ್ಮನ್ ಸಹೋದರರೂ ಅವರ ಜೊತೆಗಾರರೂ ಗೋಡೆ ಕಟ್ಟುತ್ತಿದ್ದರು. ಕೊರತೆಯೆಲ್ಲ ಗಳಿಕೆಯ ಕಡೆಗಿತ್ತು. ಆ 12 ಆಟಗಳಲ್ಲಿ ಗಳಿಸಿದ್ದು ಬರಿಯ 53 ಅಂಕ.

ಖರ್ಚು ಹತೋಟಿಗೆ ಬಂದಿದೆ, ವ್ಯಾಪಾರ ಇನ್ನೂ ಕುದುರಿಲ್ಲ. ಇಂಥ ಅಂಗಡಿ ಮುಳುಗುತ್ತಿದೆಯೋ ಏಳುತ್ತಿದೆಯೋ? ಹೊರಗೆ ನಿಂತು ನೋಡುವವರಿಗೆ ಎರಡು ವರ್ಷವೂ ಒಂದೇ ತರಹ, ‘ಇವರು ಸೋಲುವವರು’ ಅಷ್ಟೆ. ಒಳಗಿನ ಪುಟ ಓದಬಲ್ಲವರಿಗೆ ಮಾತ್ರ ಎರಡನೆಯ ವರ್ಷ ಬೇರೆ ಎಂದು ತಿಳಿಯುತ್ತದೆ. ಯಜಮಾನ ಕಲ್ವರ್‌ಹೌಸ್ ಓದಿದ್ದರೆಂದು ತೋರುತ್ತದೆ. ಊರೆಲ್ಲ ಕೂಗಿದರೂ ಅವರು ಮೆಕ್‌ಕೇಯವರನ್ನು ಕೆಲಸದಿಂದ ತೆಗೆಯಲಿಲ್ಲ.

ಅವರು ತಾಳ್ಮೆಯಿಂದಿರಲು ಇನ್ನೊಂದು ಕಾರಣವನ್ನೂ ಹೇಳಬೇಕು. ಈ ಲೀಗಿನ ತಂಡಗಳು ಮೈದಾನದಲ್ಲಿ ಸ್ಪರ್ಧಿಗಳು, ಗಲ್ಲಾದಲ್ಲಿ ಪಾಲುದಾರರು. ಟಿ.ವಿ. ಕಂಪನಿಗಳಿಗೆ ಪ್ರಸಾರದ ಹಕ್ಕನ್ನು ಎಲ್ಲರೂ ಒಟ್ಟಾಗಿ ಮಾರಲು ಅಮೆರಿಕದ ಸಂಸತ್ತು 1961ರಲ್ಲಿ ಕಾನೂನು ಮಾಡಿ ಅನುಮತಿ ಕೊಟ್ಟಿತು. ಬಂದ ಹಣವನ್ನು ಗೆದ್ದವರು ಸೋತವರು ಎನ್ನದೆ ಸಮನಾಗಿ ಹಂಚಿಕೊಳ್ಳುತ್ತಾರೆ. ಎದುರಿಗೆ ಆಡಲು ಇನ್ನೊಬ್ಬ ಇಲ್ಲದಿದ್ದರೆ ಗೆಲ್ಲುವವನಿಗೂ ವ್ಯಾಪಾರವಿಲ್ಲ ಎಂಬ ವಿವೇಕ ಇದರ ಹಿಂದಿದೆ. ಪೇಟೆಯಲ್ಲಿ ಒಂದೇ ಅಂಗಡಿ ಉಳಿದರೆ ಗಿರಾಕಿ ಆ ಪೇಟೆಗೇ ಬರುವುದಿಲ್ಲ. ಸೋತವನಿಗೆ ಡ್ರಾಫ್ಟಿನಲ್ಲಿ ಮೊದಲ ಸರದಿ ಕೊಡುವುದರ ಹಿಂದೆಯೂ ಇದೇ ವಿಚಾರವಿದೆ.

ಕಡೆಗೂ ಜಮಾ

1977ರ ಡಿಸೆಂಬರ್ 11ರಂದು ನ್ಯೂ ಆರ್ಲಿಯನ್ಸ್ ನಗರದಲ್ಲಿ ಅಲ್ಲಿಯ ಸೇಂಟ್ಸ್ ತಂಡದ ವಿರುದ್ಧ 27ನೆಯ ಆಟ. ಅಂದು ಗೋಡೆ ಕಟ್ಟಿದವರೇ ಗಳಿಕೆಯನ್ನೂ ಮಾಡಿದರು. ಎದುರಾಳಿ ಎಸೆದ ಚೆಂಡನ್ನು ನಡುವೆಯೇ ಹಿಡಿದು ಮೂರು ಸಲ ಗೆರೆ ದಾಟಿಸಿದರು. ಬಕನಿಯರ್ಸ್ 33, ಸೇಂಟ್ಸ್ 14. ತಂಡ ಊರಿಗೆ ಮರಳಿದಾಗ ಸಾವಿರಾರು ಜನ ಸ್ವಾಗತಕ್ಕೆ ಕಾದಿದ್ದರು. ಆ ಹಂಗಾಮಿನ ನಂತರ ಸೇಂಟ್ಸ್ ತಂಡದ ತರಬೇತುದಾರರೇ ಕೆಲಸ ಕಳೆದುಕೊಂಡರು. ಮುಂದಿನ ವಾರ ತಮ್ಮ ಊರಿನಲ್ಲೇ ಸೇಂಟ್ ಲೂಯಿಸ್ ತಂಡವನ್ನು 17-7ರಿಂದ ಸೋಲಿಸಿದರು.

1978ರಲ್ಲಿ ಮತ್ತೆ ಡ್ರಾಫ್ಟಿನ ಮೊದಲ ಸರದಿ ಸಿಕ್ಕಿತು. ಅದನ್ನು ಹ್ಯೂಸ್ಟನ್ ತಂಡಕ್ಕೆ ಬಿಟ್ಟುಕೊಟ್ಟು, ಬದಲಿಗೆ ಒಬ್ಬ ಒಳ್ಳೆಯ ಆಟಗಾರನನ್ನೂ ಅವರ 17ನೆಯ ಸರದಿಯನ್ನೂ ಇನ್ನಷ್ಟು ಮುಂದಿನ ಸರದಿಗಳನ್ನೂ ಪಡೆದರು. ಆ 17ನೆಯ ಸರದಿಯಲ್ಲಿ ಆರಿಸಿದ್ದು ಗ್ರಾಂಬ್ಲಿಂಗ್ ಎಂಬ ಕಾಲೇಜಿನ ಕಪ್ಪು ವರ್ಣದ ಕ್ವಾರ್ಟರ್‌ಬ್ಯಾಕ್ ಡಗ್ ವಿಲಿಯಮ್ಸ್ ಅವರನ್ನು. ಆ ಕಾಲದಲ್ಲಿ ಕಪ್ಪು ಜನರಿಗೆ ಆ ಸ್ಥಾನ ಕೊಡುವವರು ವಿರಳ. ಗಳಿಕೆಯ ಕೊರತೆ ಅವರಿಂದ ತುಂಬಿತು. ಆ ವರ್ಷ 5 ಗೆಲುವು. 1979ರಲ್ಲಿ 16 ಆಟಗಳಲ್ಲಿ 10 ಗೆಲುವು, ತಮ್ಮ ವಿಭಾಗದಲ್ಲಿ ಮೊದಲ ಸ್ಥಾನ. ಇಡೀ ಲೀಗಿನಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ಬಿಟ್ಟುಕೊಟ್ಟ ತಂಡವೂ ಅದೇ. ತಡೆಯುವವರಲ್ಲಿ ಆ ವರ್ಷದ ಅತ್ಯುತ್ತಮ ಆಟಗಾರ ಲೀ ರಾಯ್ ಸೆಲ್ಮನ್. ಸೂಪರ್ ಬೌಲ್ ಎಂಬ ಅಂತಿಮ ಪಂದ್ಯಕ್ಕೆ ಒಂದೇ ಮೆಟ್ಟಿಲು ಉಳಿದಿತ್ತು. ಅಲ್ಲಿ ಲಾಸ್ ಏಂಜಲೀಸ್ ತಂಡದ ಎದುರು 0-9ರಿಂದ ನಿಂತರು. ಆದರೂ ಉಳಿಕೆ ಸರಕಿನಿಂದ ಆರಂಭವಾದ ಅಂಗಡಿ ನಾಲ್ಕನೆಯ ವರ್ಷಕ್ಕೆ ಪೇಟೆಯ ಮೊದಲ ಸಾಲಿಗೆ ಬಂದಿತ್ತು.

ಎರಡನೆಯ ತರಹದ ಸೋಲು

ಕಥೆ ಇಲ್ಲಿಗೆ ಮುಗಿದಿದ್ದರೆ ‘ಸೋಲೇ ಗೆಲುವಿನ ಸೋಪಾನ’ ಎಂದು ಬರೆದು ನಾವು ಲೇಖನಿ ಕೆಳಗಿಡಬಹುದಿತ್ತು. ಮುಗಿಯಲಿಲ್ಲ. ವ್ಯಾಪಾರಸ್ಥರು ಗಮನವಿಟ್ಟು ಓದಬೇಕಾದ ಪುಟ ಇನ್ನು ಮುಂದಿದೆ.

ವಿಲಿಯಮ್ಸ್ ಇದ್ದ ಐದು ವರ್ಷಗಳಲ್ಲಿ ತಂಡ ಮೂರು ಸಲ ಮುಂದಿನ ಸುತ್ತುಗಳಿಗೆ ಹೋಯಿತು. ಆದರೆ ಅವರ ಸಂಬಳ ವರ್ಷಕ್ಕೆ 1 ಲಕ್ಷ 20 ಸಾವಿರ ಡಾಲರು. ಬೇರೆ ತಂಡಗಳಲ್ಲಿ ಬೆಂಚಿನ ಮೇಲೆ ಕೂಡ್ರುವ ಕೆಲವು ಕ್ವಾರ್ಟರ್‌ಬ್ಯಾಕ್‌ಗಳಿಗೂ ಅದಕ್ಕಿಂತ ಹೆಚ್ಚು ಸಿಗುತ್ತಿತ್ತು. 1982ರ ಹಂಗಾಮು ಮುಗಿದ ಮೇಲೆ ಅವರು 6 ಲಕ್ಷ ಕೇಳಿದರು. ಯಜಮಾನರು 4 ಲಕ್ಷಕ್ಕೆ ನಿಂತರು. ಮೆಕ್‌ಕೇ ಅವರಿಗೂ ವಿಲಿಯಮ್ಸ್ ಬೇಕಾಗಿದ್ದರು. 1983ರ ಏಪ್ರಿಲಿನಲ್ಲಿ ವಿಲಿಯಮ್ಸ್ ಅವರ ಪತ್ನಿ ತೀರಿಕೊಂಡರು. ಎಳೆಯ ಮಗು ಮನೆಯಲ್ಲಿತ್ತು. ಮಾತು ಕೂಡಿಬರಲಿಲ್ಲ. ಅವರು ಆ ವರ್ಷ ಆಡದೆ ಉಳಿದು, ಮರುವರ್ಷ ಬೇರೆ ಲೀಗಿಗೆ ಹೋದರು.

ಅವರ ಜಾಗಕ್ಕೆ ಸಿನ್ಸಿನಾಟಿ ತಂಡದಿಂದ ಜಾಕ್ ಥಾಂಪ್ಸನ್ ಎಂಬವರನ್ನು ತಂದರು. ಅದಕ್ಕೆ ಬೆಲೆಯಾಗಿ 1984ರ ಡ್ರಾಫ್ಟಿನ ಮೊದಲ ಸುತ್ತಿನ ಸರದಿಯನ್ನು ಕೊಟ್ಟರು. 1983ರಲ್ಲಿ ತಂಡ 2 ಗೆದ್ದು 14 ಸೋತಿತು. ಹಾಗಾಗಿ ಬಿಟ್ಟುಕೊಟ್ಟ ಆ ಸರದಿಯೇ ಎಲ್ಲಕ್ಕಿಂತ ಮೊದಲ ಸರದಿಯಾಯಿತು! ಸೋತವನಿಗೆ ಸಿಗಬೇಕಾದ ಪರಿಹಾರವೂ ಹೀಗೆ ಕೈಬಿಟ್ಟು ಹೋಯಿತು. 2 ಲಕ್ಷ ಡಾಲರಿನ ಚೌಕಾಶಿಯಲ್ಲಿ ಹೋದದ್ದು ಎಷ್ಟೆಂದು ಲೆಕ್ಕ ಹಾಕುವುದನ್ನು ವಾಚಕರಿಗೇ ಬಿಡುತ್ತೇವೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

1983ರಿಂದ 1996ರವರೆಗೆ 14 ವರ್ಷ, ಗೆಲುವಿಗಿಂತ ಸೋಲೇ ಹೆಚ್ಚಾದ 14 ಹಂಗಾಮುಗಳು ಒಂದರ ಹಿಂದೊಂದು ಬಂದವು. 1986ರಲ್ಲಿ ಮೊದಲ ಸರದಿಯಲ್ಲಿ ಬೋ ಜಾಕ್ಸನ್ ಎಂಬ ಅಪ್ರತಿಮ ಓಟಗಾರನನ್ನು ಆರಿಸಿದರು. ತಂಡ ಕಳಿಸಿದ ವಿಮಾನದಲ್ಲಿ ಟ್ಯಾಂಪಾಕ್ಕೆ ಹೋಗಿ ಬಂದದ್ದಕ್ಕೆ ಆ ಹುಡುಗ ಕಾಲೇಜಿನಲ್ಲಿ ಬೇಸ್‌ಬಾಲ್ ಆಡುವ ಅರ್ಹತೆಯನ್ನೇ ಕಳೆದುಕೊಂಡಿದ್ದ. ಆ ಸಿಟ್ಟಿಗೆ ಈ ತಂಡಕ್ಕೆ ಆಡುವುದೇ ಇಲ್ಲವೆಂದು ಹೇಳಿ ಬೇಸ್‌ಬಾಲಿಗೆ ಹೊರಟುಹೋದ. ಮೊದಲ ಸರದಿ ಕೈಯಲ್ಲಿದ್ದರೂ ವಿಶ್ವಾಸ ಇಲ್ಲದಿದ್ದರೆ ಒಳ್ಳೆಯ ಆಳು ಬಾಗಿಲೊಳಗೆ ಬರುವುದಿಲ್ಲ. 1987ರಲ್ಲಿ ಸ್ಟೀವ್ ಯಂಗ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ ಕೊಟ್ಟುಬಿಟ್ಟರು. ಅವರು ಅಲ್ಲಿ ಸೂಪರ್ ಬೌಲ್ ಗೆದ್ದು ಹೆಸರಾದರು.

ವಿಲಿಯಮ್ಸ್ ಏನಾದರು? 1978ರಲ್ಲಿ ಟ್ಯಾಂಪಾದಲ್ಲಿ ಸಹಾಯಕ ತರಬೇತುದಾರರಾಗಿದ್ದು, ಗ್ರಾಂಬ್ಲಿಂಗಿಗೆ ಹೋಗಿ ಈ ಹುಡುಗನನ್ನು ಪರೀಕ್ಷಿಸಿ ಬಂದವರು ಜೋ ಗಿಬ್ಸ್. ಮುಂದೆ ಗಿಬ್ಸ್ ವಾಷಿಂಗ್ಟನ್ ತಂಡದ ಮುಖ್ಯ ತರಬೇತುದಾರರಾದರು. 1986ರಲ್ಲಿ ವಿಲಿಯಮ್ಸ್ ಅವರನ್ನು ತಮ್ಮ ಕಡೆ ಕರೆಸಿಕೊಂಡರು. 1988ರ ಜನವರಿ 31ರಂದು ಸೂಪರ್ ಬೌಲಿನಲ್ಲಿ ವಾಷಿಂಗ್ಟನ್ 42, ಡೆನ್ವರ್ 10. ಒಂದೇ ಕಾಲು ಭಾಗದ ಆಟದಲ್ಲಿ ವಿಲಿಯಮ್ಸ್ ಅವರ ನಾಲ್ಕು ಎಸೆತಗಳು ಗೆರೆ ದಾಟಿದವು. ಅಂದಿನ ಶ್ರೇಷ್ಠ ಆಟಗಾರರೂ ಅವರೇ. ಸೂಪರ್ ಬೌಲ್ ಗೆದ್ದುಕೊಟ್ಟ ಮೊದಲ ಕಪ್ಪು ವರ್ಣದ ಕ್ವಾರ್ಟರ್‌ಬ್ಯಾಕ್ ಅವರು.

ಕಲ್ವರ್‌ಹೌಸ್ 1994ರಲ್ಲಿ ತೀರಿಕೊಂಡರು. ಮರುವರ್ಷ ತಂಡ 19 ಕೋಟಿ 20 ಲಕ್ಷ ಡಾಲರಿಗೆ ಬೇರೆಯವರಿಗೆ ಮಾರಾಟವಾಯಿತು. 1997ರಲ್ಲಿ ಮತ್ತೆ ಗೆಲುವಿನ ಹಂಗಾಮು ಬಂತು. 2003ರ ಜನವರಿಯಲ್ಲಿ ಓಕ್ಲಂಡ್ ತಂಡವನ್ನು 48-21ರಿಂದ ಸೋಲಿಸಿ ಬಕನಿಯರ್ಸ್ ಸೂಪರ್ ಬೌಲ್ ಗೆದ್ದರು. ಆಗ ತಂಡದ ವ್ಯವಸ್ಥಾಪಕರಾಗಿದ್ದವರು ರಿಚ್ ಮೆಕ್‌ಕೇ, ಊರವರು ಕೊಲ್ಲಿಗೆ ಎಸೆಯಬೇಕೆಂದಿದ್ದ ಜಾನ್ ಮೆಕ್‌ಕೇಯವರ ಇನ್ನೊಬ್ಬ ಮಗ. ತಂದೆ 2001ರಲ್ಲೇ ತೀರಿಕೊಂಡಿದ್ದರು. 2021ರಲ್ಲಿ ತಂಡ ಇನ್ನೊಮ್ಮೆ ಆ ಪಂದ್ಯ ಗೆದ್ದಿತು. ಇತ್ತ 2008ರಲ್ಲಿ ಡೆಟ್ರಾಯಿಟ್ ತಂಡವೂ 2017ರಲ್ಲಿ ಕ್ಲೀವ್‌ಲೆಂಡ್ ತಂಡವೂ 16ಕ್ಕೆ 16 ಸೋತದ್ದರಿಂದ, 1976ರ ಟ್ಯಾಂಪಾಕ್ಕೆ ಜೊತೆಗಾರರು ಸಿಕ್ಕಂತಾಗಿದೆ.

ಎರಡು ಖಾತೆ

ಈಗ ನಮ್ಮ ಮಾತು. ಈ ಒಂದೇ ತಂಡದ ಕಿರ್ದಿಯಲ್ಲಿ ಎರಡು ತರಹದ ನಷ್ಟಗಳಿವೆ. ಅವನ್ನು ಒಂದೇ ಖಾತೆಗೆ ಬರೆಯಬಾರದು.

1976 ಮತ್ತು 1977ರದು ಆರಂಭದ ನಷ್ಟ. ಬಂಡವಾಳ ಕಡಿಮೆ, ಸರಕು ಉಳಿಕೆಯದು, ಎದುರಿಗಿರುವವರು ಹಳಬರು. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಸೋರಿಕೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆಯೇ? ಆಗುತ್ತಿದ್ದರೆ ತಾಳ್ಮೆ ಬೇಕು. ಹೊಸದಾಗಿ ಅಂಗಡಿ ಹಾಕಿದ ಹುಡುಗನ ಎರಡನೆಯ ವರ್ಷದ ಲೆಕ್ಕವನ್ನು ಮದುವೆ ಮುಂಜಿಗಳ ಪಂಕ್ತಿಯಲ್ಲಿ ಕುಳಿತು ಅಳೆಯುವ ನಮ್ಮ ಬಂಧುಗಳು, ಆ 29 ಮತ್ತು 17ರ ಅಂಕಿಯನ್ನು ಒಮ್ಮೆ ನೆನೆಸಿಕೊಂಡರೆ ಒಳ್ಳೆಯದು. ‘ಆಡಿದ್ದೆಲ್ಲ ಸೋತ’ ಎನ್ನುವುದು ಸುಲಭ. ಒಳಗಿನ ಪುಟ ತೆರೆದು ನೋಡುವವರು ಮನೆಯಲ್ಲಿ ಒಬ್ಬರಾದರೂ ಇದ್ದರೆ ಆ ಹುಡುಗ ಉಳಿಯುತ್ತಾನೆ.

1983ರ ನಂತರದ್ದು ಕೈಯಾರೆ ಕೊಂಡು ತಂದ ನಷ್ಟ. ಆಗ ಹಣಕ್ಕೆ ಕೊರತೆಯಿರಲಿಲ್ಲ. ಟಿ.ವಿ.ಯ ಪಾಲು ಸೋತರೂ ಬರುತ್ತಿತ್ತು. ಸೋತರೂ ಬರುವ ಹಣ ಮೊದಲು ತಾಳ್ಮೆ ಕೊಟ್ಟಿತ್ತು, ಆಮೇಲೆ ಅದೇ ಹಣ ಅಲಕ್ಷ್ಯಕ್ಕೆ ಕಾರಣವಾಯಿತೆಂದು ನಮಗನಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಮಿತವ್ಯಯ. ಹಾಸಿಗೆ ದೊಡ್ಡದಿದ್ದರೂ ದುಡಿಯುವವನನ್ನು ನೆಲದ ಮೇಲೆ ಮಲಗಿಸುವುದು ಮಿತವ್ಯಯವಲ್ಲ. ಇಪ್ಪತ್ತು ವರ್ಷ ಗಲ್ಲಾ ಕಾಯ್ದ ಗುಮಾಸ್ತ ಮಗಳ ಮದುವೆಯ ವರ್ಷ ಸಾವಿರ ರೂಪಾಯಿ ಹೆಚ್ಚು ಕೇಳಿದಾಗ ‘ನೋಡೋಣ’ ಎಂದು ಮುಂದೂಡಿದ ಅಂಗಡಿಗಳನ್ನು ನಾವು ಕಂಡಿದ್ದೇವೆ. ಮರುವರ್ಷ ಅವನು ಎದುರಿನ ಅಂಗಡಿಯಲ್ಲಿ ಕುಳಿತಿರುತ್ತಾನೆ. ಅವನ ಹಿಂದೆ ಅರ್ಧ ಗಿರಾಕಿಗಳೂ ಹೋಗಿರುತ್ತಾರೆ. ಆ ನಷ್ಟ ಯಾವ ವಹಿಯಲ್ಲೂ ಕಾಣುವುದಿಲ್ಲ.

ಕೊನೆಯದಾಗಿ ಲೀ ರಾಯ್ ಸೆಲ್ಮನ್ ಬಗ್ಗೆ ಎರಡು ಮಾತು. 26 ಸೋಲುಗಳ ತಂಡಕ್ಕೆ ಸೇರಿದ ಆ ಹುಡುಗ 1984ರವರೆಗೆ ಬೇರೆ ತಂಡದ ಕಡೆ ನೋಡದೆ ಅಲ್ಲಿಯೇ ಆಡಿದರು. 1995ರಲ್ಲಿ ಈ ಆಟದ ಅತ್ಯುನ್ನತ ಗೌರವವಾದ ಹಾಲ್ ಆಫ್ ಫೇಮ್‌ಗೆ ಸೇರಿದರು. ಬಕನಿಯರ್ಸ್ ಪರವಾಗಿ ಆ ಗೌರವ ಪಡೆದವರಲ್ಲಿ ಅವರೇ ಮೊದಲಿಗರು. 2011ರಲ್ಲಿ ತೀರಿಕೊಂಡರು. ಟ್ಯಾಂಪಾದಲ್ಲಿ ಇಂದು ಸಾವಿರಾರು ವಾಹನಗಳು ದಿನವೂ ಓಡಾಡುವ ಹೆದ್ದಾರಿಯೊಂದಿದೆ. ಅದಕ್ಕೆ ಅವರ ಹೆಸರಿಟ್ಟಿದ್ದಾರೆ.